ವಿದ್ಯಾರ್ಥಿನಿಯರ ಗಾಯದ ಪುಸ್ತಕ

ಕಾಲೇಜಿನಲ್ಲಿ ಕಳೆದ ಹನ್ನೊಂದು ವರ್ಷಗಳಿಂದ ವ್ಯಾಯಾಮ ಮಾಡುವಾಗ ಒಬ್ಬಳೇ ಒಬ್ಬ ವಿದ್ಯಾರ್ಥಿನಿಗೂ ಗಾಯವಾಗಿಲ್ಲ ಎಂಬುದು ದಾಖಲೆಯಿಂದ ಸಾಬೀತಾದ ಸಂಗತಿ. ಇದೇ ಅವಧಿಯಲ್ಲಿ ಗಂಡುಹುಡುಗರಿಗೆ ನಾನೂರ ಹನ್ನೆರಡು ಗಾಯಗಳಾಗಿವೆ. ಉಳುಕಿದ ಪಾದ, ಜಾರಿದ ಭುಜ, ಹರಿದ ಸ್ನಾಯು, ಕನ್ನಡಿಯಲ್ಲಿ ತನ್ನ ತೋಳನ್ನು ತಾನೇ ಮೆಚ್ಚುತ್ತಾ ನಡೆದು ಕಂಬಕ್ಕೆ ಬಡಿದುಕೊಂಡ ಹಣೆ, ಎಲ್ಲವೂ ದಿನಾಂಕ, ವೇಳೆ, ಸಹಿ ಸಮೇತ ಹುಡುಗರ ಗಾಯದ ಪುಸ್ತಕದಲ್ಲಿವೆ. ಹುಡುಗಿಯರ ಗಾಯದ ಪುಸ್ತಕದಲ್ಲಿ ಮೊದಲ ಪುಟದ ಮೇಲಿನ ಕಾಲೇಜಿನ ಮೊಹರು ಬಿಟ್ಟರೆ ಬೇರೇನೂ ಇಲ್ಲ.

ಈ ಎರಡು ಪುಸ್ತಕಗಳನ್ನು ಇಟ್ಟುಕೊಂಡಿದ್ದವರು ಪ್ರಥಮ ಚಿಕಿತ್ಸೆ ಕೊಠಡಿಯ ನರ್ಸು. ವಿದ್ಯಾರ್ಥಿಗಳಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಅವರನ್ನು ಬ್ಯಾಂಡೇಜಕ್ಕ ಎನ್ನುತ್ತಾರೆ. ಅವರ ಕೊಠಡಿ ಮೊದಲು ಸೀಮೆಸುಣ್ಣ ಇಡುವ ಉಗ್ರಾಣವಾಗಿತ್ತು, ಈಗಲೂ ಯಾರಾದರೂ ಮಂಚದ ಮೇಲೆ ಧಪ್ಪೆಂದು ಕೂತರೆ ಗೋಡೆಯಿಂದ ಬಿಳಿ ಪುಡಿ ಏಳುತ್ತದೆ. ಅಲ್ಲಿರುವ ತೂಕದ ಯಂತ್ರ ಖಾಲಿ ಇದ್ದಾಗಲೂ ಎರಡು ಕಿಲೋ ತೋರಿಸುತ್ತದೆ. ದುರಸ್ತಿಗೆ ಬರೆದಾಗ ಆಫೀಸಿನಿಂದ ಬಂದ ಉತ್ತರ, ಎರಡು ಕಿಲೋ ಕಳೆದು ಓದತಕ್ಕದ್ದು. ಅಕ್ಕ ಇಪ್ಪತ್ತೆರಡು ವರ್ಷದಿಂದ ಕಳೆದೇ ಓದುತ್ತಿದ್ದಾರೆ.

ಹುಡುಗಿಯರಿಗೆ ಗಾಯವಾಗದಿರಲು ಕಾರಣ ಗುಟ್ಟಿನದೇನಲ್ಲ. ವ್ಯಾಯಾಮಶಾಲೆಯಲ್ಲಿ ಹುಡುಗಿಯರಿಗೆ ಮೀಸಲಾದ ವೇಳೆ ಬೆಳಿಗ್ಗೆ ಐದೂವರೆಯಿಂದ ಆರೂವರೆ. ಬೀಗದ ಕೈ ಇಟ್ಟುಕೊಂಡಿರುವ ಅಟೆಂಡರ್ ಬರುವುದು ಏಳು ಗಂಟೆಯ ಬಸ್ಸಿಗೆ. ಬೀಗ ಹಾಕಿದ ಬಾಗಿಲಿನ ಆಚೆಗಿರುವ ಕಬ್ಬಿಣದ ಗುಂಡು ಈಚೆ ನಿಂತವಳ ಕಾಲ ಮೇಲೆ ಬೀಳುವುದಿಲ್ಲ. ಹುಡುಗಿಯರು ಬಾಗಿಲಿಗೆ ಅಂಟಿಸಿದ ಹಾಜರಿ ಹಾಳೆಯಲ್ಲಿ ಸಹಿ ಹಾಕಿ, ಲೈಬ್ರರಿಯ ಅರವತ್ತನಾಲ್ಕು ಮೆಟ್ಟಿಲುಗಳನ್ನು ಹತ್ತಿ ಇಳಿದು ಬೆವರು ಹರಿಸಿ ಹೋಗುತ್ತಿದ್ದರು. ಅಲ್ಲಿ ಬಿದ್ದವರ ಹೆಸರನ್ನು ಅಕ್ಕ 'ಇತರೆ' ಎಂಬ ಉದ್ದನೆಯ ನೋಟ್‌ಬುಕ್ಕಿನಲ್ಲಿ 'ಮೆಟ್ಟಿಲು ಜಾರಿದ್ದು' ಎಂದು ಬರೆಯಬೇಕಿತ್ತು. ಹುಡುಗರ ವಿಷಯ ಬೇರೆ. ಪಾಠ ತಪ್ಪಿಸಲು ಕ್ಯಾಂಟೀನಿನ ಕಾಂಪೌಂಡು ಹಾರಿ ಮುಂಗೈ ಮುರಿದುಕೊಂಡವನ ಚೀಟಿಗೂ ಪಿ.ಟಿ. ಮೇಷ್ಟ್ರು 'ಎತ್ತರ ಜಿಗಿತದ ಅಭ್ಯಾಸ' ಎಂದು ಬರೆದು ಸಹಿ ಮಾಡಿದ್ದರು. ಹುಡುಗ ಬಿದ್ದರೆ ಅದು ವ್ಯಾಯಾಮ, ಹುಡುಗಿ ಬಿದ್ದರೆ ಅದು ಮೆಟ್ಟಿಲು. ನಿಯಮ ಅಷ್ಟು ಸರಳವಾಗಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಹೀಗಿರಲು ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ವಿಷಯ: ಕಾಲೇಜು ವಿದ್ಯಾರ್ಥಿಗಳಲ್ಲಿ ವ್ಯಾಯಾಮದಿಂದಾಗುವ ಗಾಯಗಳು, ಗಂಡು ಹೆಣ್ಣುಗಳ ನಡುವಿನ ವ್ಯತ್ಯಾಸದ ಬಗ್ಗೆ ವರದಿ ಕೋರಿ. ವರದಿಯ ಹೊಣೆ ಸಂಖ್ಯಾಶಾಸ್ತ್ರದ ಮೇಷ್ಟ್ರ ಹೆಗಲಿಗೆ ಬಿತ್ತು. ಅವರು ಎರಡೂ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟಾಗ ಅಕ್ಕ ಇತರೆ ನೋಟ್‌ಬುಕ್ಕನ್ನೂ ಮುಂದೆ ಚಾಚಿದರು.

"ಸರ್, ಹುಡುಗೀರಿಗೂ ಪೆಟ್ಟಾಗುತ್ತೆ. ಅದೆಲ್ಲ ಇದರಲ್ಲಿದೆ. ಇದನ್ನೂ ಸೇರಿಸ್ಕೊಳ್ಳಿ."

ಮೇಷ್ಟ್ರು ನಾಲ್ಕು ಪುಟ ತಿರುವಿದರು. "ಇದರಲ್ಲಿ ಜೇನುಹುಳ ಕಚ್ಚಿದ್ದೂ ಇದೆಯಲ್ಲಕ್ಕ. ಜೇನುಹುಳ ಯಾವ ವ್ಯಾಯಾಮ?"

"ಜೇನುಹುಳ ಬಿಡಿ ಸರ್. ಉಳಿದದ್ದು ನೋಡಿ."

"ಒಂದನ್ನ ಬಿಟ್ಟು ಇನ್ನೊಂದನ್ನ ತಗೊಂಡ್ರೆ ಅದು ಪಕ್ಷಪಾತ ಆಗುತ್ತೆ. ವಿಜ್ಞಾನ ಒಪ್ಪಲ್ಲ," ಎಂದು ಮೇಷ್ಟ್ರು ಎಲ್ಲವನ್ನೂ ಬಿಟ್ಟರು.

ವರದಿ ನಲವತ್ತು ಪುಟವಾಯಿತು. ಅದರಲ್ಲಿ ಹುಡುಗರಿಗೆ ಎತ್ತರದ ನೀಲಿ ಕಂಬಗಳಿದ್ದವು, ಹುಡುಗಿಯರಿಗೆ ಕೆಂಪು ಬಣ್ಣ ಎಂಬ ಸೂಚನೆ ಮಾತ್ರವಿತ್ತು. ಹುಡುಗಿಯರಿಗೆ ಗಾಯವಾಗದಿರಲು ಮೂರು ಕಾರಣಗಳನ್ನು ಕೊಡಲಾಗಿತ್ತು. ಒಂದು, ಹೆಣ್ಣಿನ ಸಹಜ ಸಂಯಮ. ಎರಡು, ಓಡುವಾಗ ಬೆನ್ನ ಮೇಲೆ ಜಡೆ ತೂಗಾಡಿ ದೇಹದ ಸಮತೋಲ ಕಾಯುವುದು. ಮೂರನೆಯ ಕಾರಣದ ಬಗ್ಗೆ ಸಂಶೋಧನೆ ನಡೆಯುತ್ತಿದೆ ಎಂದಿತ್ತು. ಮೇಲಿನ ಕಚೇರಿಗೆ ಕಣ್ಣೀರು ಬರುವಷ್ಟು ಸಂತೋಷವಾಯಿತು. ಕಾಲೇಜಿಗೆ ಫಲಕ ಘೋಷಣೆಯಾಯಿತು, ಅದನ್ನು ಕೊಡಲು ಪರಿವೀಕ್ಷಕರ ತಂಡವೊಂದು ಖುದ್ದಾಗಿ ಬರುವುದೆಂದಾಯಿತು. ಹುಡುಗಿಯರ ಖಾಲಿ ಪುಸ್ತಕವನ್ನು ಅಧಿಕಾರಿಯೊಬ್ಬರು ಬಂದು ಅರಗಿನ ಮುದ್ರೆ ಒತ್ತಿ, ಪ್ರಿನ್ಸಿಪಾಲರ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಿದರು. ಗೇಟಿನ ಮೇಲೆ 'ನಮ್ಮ ವಿದ್ಯಾರ್ಥಿನಿಯರು ಗಾಯಗೊಳ್ಳುವುದಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಲಾಯಿತು.

ಬಣ್ಣ ಆರುವ ಮೊದಲೇ ಮಿಡತೆ ಬಿದ್ದಳು.

ಮಿಡತೆ ಎರಡನೆಯ ವರ್ಷದ ಹುಡುಗಿ, ಹರ್ಡಲ್ಸ್ ಓಟಗಾರ್ತಿ. ಅಡ್ಡಗಟ್ಟೆಗಳ ಮೇಲೆ ಅವಳು ಹಾರುವುದನ್ನು ನೋಡಿ ಗೆಳತಿಯರು ಇಟ್ಟ ಹೆಸರು ಅದು. ಬೆಳಿಗ್ಗೆ ಲೈಬ್ರರಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುವಾಗ ಬಲಗಾಲು ತಿರುಚಿತು. ಇಬ್ಬರು ಗೆಳತಿಯರು ಅವಳನ್ನು ಲೈಬ್ರರಿಯ ಕುರ್ಚಿಯ ಮೇಲೆ ಕೂರಿಸಿ ಹೊತ್ತು ತಂದರು. ಬ್ಯಾಂಡೇಜಕ್ಕ ಮಂಡಿ ಮುಟ್ಟಿ ನೋಡಿದರು. ಕಾಲು ಅರ್ಧಕ್ಕೆ ಮಡಿಚಿದಂತೆಯೇ ಇತ್ತು, ಚಾಚಲು ಬರುತ್ತಿರಲಿಲ್ಲ.

"ಟಕ್ ಅಂತ ಸೌಂಡ್ ಬಂತೇನೇ?"

"ಬಂತಕ್ಕ. ಜೊತೇಲಿದ್ದೋರಿಗೂ ಕೇಳಿಸ್ತು." ಮಿಡತೆ ಹಲ್ಲು ಕಚ್ಚಿಕೊಂಡಿದ್ದಳು. "ಮತ್ತೆ ಓಡ್ತೀನಲ್ವಾ?"

"ಓಡ್ತೀಯ. ಆದ್ರೆ ತಡ ಮಾಡಬಾರದು."

ಮಂಡಿಯೊಳಗಿನ ಮೆತ್ತೆ ಹರಿದು ಕೀಲಿನ ಮಧ್ಯೆ ಸಿಕ್ಕಿಕೊಂಡಿದೆ ಎಂದು ಅಕ್ಕನಿಗೆ ಗೊತ್ತಾಗಿತ್ತು. ಆಸ್ಪತ್ರೆಯ ಮೂಳೆ ಡಾಕ್ಟರಿಗೆ ಫೋನ್ ಮಾಡಿದಾಗ ಅವರೂ ಅದನ್ನೇ ಹೇಳಿದರು. ಮೂರು ವಾರದೊಳಗೆ ಆಪರೇಷನ್ ಮಾಡಿ ಹೊಲಿದರೆ ಮೆತ್ತೆ ಉಳಿಯುತ್ತದೆ. ತಡವಾದರೆ ಅದನ್ನು ಕತ್ತರಿಸಿ ತೆಗೆಯಬೇಕು, ಆಮೇಲೆ ನಡೆದಾಡಬಹುದು, ಹರ್ಡಲ್ಸ್ ಮರೆಯಬೇಕು. ಆ ಆಸ್ಪತ್ರೆ ಕಾಲೇಜಿನ ವ್ಯಾಯಾಮ ಗಾಯಗಳನ್ನು ಕೂಡಲೇ ನೋಡುತ್ತಿತ್ತು. ಅದಕ್ಕೆ ಗಾಯದ ಪುಸ್ತಕದ ಕ್ರಮಸಂಖ್ಯೆ ಬೇಕು. ಇತರೆಯವರಿಗೂ ಚಿಕಿತ್ಸೆ ಇತ್ತು, ಸರದಿ ಬರುವುದು ಹದಿನಾಲ್ಕು ತಿಂಗಳಿಗೆ.

ಅಕ್ಕ ಬಿರಬಿರನೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರು ಮೃದು ಮನಸ್ಸಿನವರು. ಯಾರ ಕಷ್ಟ ಕೇಳಿದರೂ ಎರಡು ಸಲ 'ಪಾಪ' ಎನ್ನದೆ ಇಲ್ಲ ಎನ್ನುತ್ತಿರಲಿಲ್ಲ.

"ಪಾಪ, ಪಾಪ. ಎಂಥ ಒಳ್ಳೆ ಹುಡುಗಿ. ಬರೀರಿ ಬರೀರಿ, ಖಂಡಿತ ಬರೀರಿ."

"ಹುಡುಗೀರ ಪುಸ್ತಕ ಗಾಜಿನ ಪೆಟ್ಟಿಗೇಲಿದೆ ಸರ್. ತೆಗೆಸಿಕೊಡಿ."

ಪ್ರಿನ್ಸಿಪಾಲರು ಪೆಟ್ಟಿಗೆಯತ್ತ ನೋಡಿದರು. ಪುಸ್ತಕ ಗಾಜಿನೊಳಗೆ ತಣ್ಣಗೆ ಮಲಗಿತ್ತು. "ಅದನ್ನ ಹೇಗ್ರೀ ತೆಗೆಯೋದು? ಮುದ್ರೆ ಒಡೆದ್ರೆ ತನಿಖೆ ಆಗುತ್ತೆ. ಅದು ಈಗ ಪುಸ್ತಕ ಅಲ್ಲ, ಪುರಾವೆ."

"ಹೊಸ ಪುಸ್ತಕ ಕೊಡಿಸಿ."

"ಹಳೇದು ಮುಗಿದಿದ್ರೆ ಹೊಸದು ಕೊಡಬಹುದು. ಅದರಲ್ಲಿ ಒಂದು ಸಾಲೂ ಖರ್ಚಾಗಿಲ್ಲವಲ್ಲಮ್ಮ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಇಪ್ಪತ್ತೆರಡು ವರ್ಷದ ಅಭ್ಯಾಸ, "ಆಯ್ತು ಸರ್" ಎಂದು ಹೊರಗೆ ಬಂದರು. ಬಂದ ಮೇಲೆ, ಯಾಕೆ ಹಾಗಂದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮಾರನೆಯ ದಿನ ಮಿಡತೆಯ ಅಮ್ಮ ಬಂದಳು. ಟೈಲರು. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆಯಲು ಮರೆತು ಹಾಗೆಯೇ ಬಸ್ಸು ಹತ್ತಿದ್ದಳು. ಗೇಟಿನ ಮೇಲಿನ ಬರಹವನ್ನು ಎರಡು ಸಲ ಓದಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು. ಬ್ಯಾಂಡೇಜಕ್ಕ ಹಿಂದೆಯೇ ಓಡಿದರು.

"ಸಾರ್, ನಿಮ್ಮ ಗೇಟಿನ ಮೇಲೆ ಬರೆದಿರೋದು ನಿಜಾನಾ?"

"ನಿಜಾನಮ್ಮ. ಹನ್ನೊಂದು ವರ್ಷದ ದಾಖಲೆ."

"ಹಂಗಾದ್ರೆ ಮನೇಲಿ ಕಾಲು ಮಡಚ್ಕೊಂಡು ಅಳ್ತಾ ಮಲಗಿರೋದು ಯಾರು ಸಾರ್? ನಾನು ಹೆತ್ತಿದ್ದು, ನೀವು ಸೇರಿಸ್ಕೊಂಡಿದ್ದು, ಎರಡೂ ಒಂದೇ ಹುಡುಗಿ ತಾನೇ?"

"ಪಾಪ, ಪಾಪ," ಎಂದರು ಪ್ರಿನ್ಸಿಪಾಲರು.

"ಪಾಪ ಅನ್ನೋಕೆ ಅಕ್ಕಪಕ್ಕದ ಮನೆಯವರಿದ್ದಾರೆ. ನೀವು ನಂಬರು ಕೊಡಿ."

ಅವಳು ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟಳು. ನಂಬರು ಕೊಡುವವರೆಗೂ ಏಳುವುದಿಲ್ಲವೆಂದಳು. ಅದು ಪರಿವೀಕ್ಷಕರಿಗಾಗಿ ಹೊಸ ಬಟ್ಟೆ ಹೊದಿಸಿದ ಕುರ್ಚಿಯಾದ್ದರಿಂದ ತುರ್ತು ಸಮಿತಿ ಸಭೆ ಕರೆಯಬೇಕಾಯಿತು.

ಸಭೆಗೆ ಪ್ರಿನ್ಸಿಪಾಲರು, ಸಂಖ್ಯಾಶಾಸ್ತ್ರದ ಮೇಷ್ಟ್ರು, ಪಿ.ಟಿ. ಮೇಷ್ಟ್ರು ಕೂತರು. ಬ್ಯಾಂಡೇಜಕ್ಕನನ್ನು ಮಾಹಿತಿಗಾಗಿ ಕರೆದು ನಿಲ್ಲಿಸಿಕೊಂಡರು. ಹುಡುಗಿಯರ ಪುಸ್ತಕ ಮುಟ್ಟುವಂತಿಲ್ಲ, ಗೇಟಿನ ಬರಹ ಅಳಿಸುವಂತಿಲ್ಲ, ವರದಿ ಹಿಂತೆಗೆಯುವಂತಿಲ್ಲ, ಟೈಲರಮ್ಮ ಏಳುವಂತಿಲ್ಲ. ಅರ್ಧ ಗಂಟೆ ಎಲ್ಲರೂ ತಲೆ ಕೆರೆದುಕೊಂಡರು. ಕೊನೆಗೆ ಸಂಖ್ಯಾಶಾಸ್ತ್ರದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಸರ್, ಹುಡುಗರ ಪುಸ್ತಕ ತೆರೆದೇ ಇದೆಯಲ್ಲ. ನಾನೂರ ಹನ್ನೆರಡು ನಾನೂರ ಹದಿಮೂರಾದ್ರೆ ಶೇಕಡಾವಾರು ಅಲುಗಾಡೋದೇ ಇಲ್ಲ."

"ಅವಳು ಹುಡುಗಿ ಅಲ್ವೇನ್ರೀ?"

"ಅವಳು ಹುಡುಗೀನೇ ಸರ್. ಗಾಯ ಆಗಿರೋದು ಮಂಡಿಗೆ. ಮಂಡಿ ಇಂಥವರದೇ ಅಂತ ಹೊರಗಿನಿಂದ ಹೇಳೋಕಾಗಲ್ಲ."

ಪಿ.ಟಿ. ಮೇಷ್ಟ್ರಿಗೆ ಒಂದು ತೊಡಕು ಕಂಡಿತು. "ಆದ್ರೆ ಬಿದ್ದದ್ದು ಲೈಬ್ರರಿ ಮೆಟ್ಟಿಲ ಮೇಲೆ."

"ಹುಡುಗ ಅಂತಾದ ಮೇಲೆ ಎಲ್ಲಿ ಬಿದ್ರೂ ವ್ಯಾಯಾಮಾನೇ ಅಲ್ವಾ ಸರ್? ನೀವೇ ಸಹಿ ಮಾಡ್ತೀರಿ."

ಪಿ.ಟಿ. ಮೇಷ್ಟ್ರು ಒಪ್ಪಿದರು. ಬ್ಯಾಂಡೇಜಕ್ಕ ಮಾತ್ರ ಬಾಯಿ ತೆರೆದರು. "ಸರ್, ಆ ಮುದ್ರೆ ಒಡೆದು ಒಂದೇ ಒಂದು ಸಾಲು ಬರೆಯೋದು ಸುಲಭ ಅಲ್ವಾ? ಬಿದ್ದದ್ದು ಹುಡುಗಿ. ಹುಡುಗಿ ಅಂತ ಬರೆದ್ರೆ ಮುಗೀತಲ್ಲ."

ಮೂವರೂ ಅವರನ್ನು ಕನಿಕರದಿಂದ ನೋಡಿದರು. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆಡಳಿತ ಅಷ್ಟು ಸುಲಭವಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು.

'ವ್ಯಾಯಾಮ ಕಾಲದಲ್ಲಿ ಗಾಯಗೊಂಡ ವಿದ್ಯಾರ್ಥಿನಿಯನ್ನು, ಗಾಯವಾದ ಕ್ಷಣದಿಂದ ಗುಣವಾಗುವವರೆಗೆ, ಗಾಯಗೊಂಡ ಭಾಗದ ಮಟ್ಟಿಗೆ ಮಾತ್ರ, ಗಂಡು ಎಂದು ಭಾವಿಸತಕ್ಕದ್ದು. ದೇಹದ ಉಳಿದ ಭಾಗಗಳು ಯಥಾಸ್ಥಿತಿಯಲ್ಲಿ ಮುಂದುವರಿಯತಕ್ಕದ್ದು. ಒಂದಕ್ಕಿಂತ ಹೆಚ್ಚು ಭಾಗಗಳಿಗೆ ಗಾಯವಾಗಿದ್ದಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಅರ್ಜಿ. ಗುಣವಾದ ನಂತರ ಸದರಿ ಭಾಗವನ್ನು ಮೂಲ ಸ್ಥಿತಿಗೆ ಮರಳಿಸಿಕೊಳ್ಳಲು ನಮೂನೆ ಎರಡರಲ್ಲಿ ಕೋರಿಕೆ ಸಲ್ಲಿಸತಕ್ಕದ್ದು.'

ಅಕ್ಕ ಹುಡುಗರ ಪುಸ್ತಕ ಎತ್ತಿಕೊಂಡು ಮಿಡತೆಯ ಮನೆಗೆ ಹೋದರು. ಹೊಲಿಗೆ ಯಂತ್ರದ ಪಕ್ಕದಲ್ಲಿ, ಕತ್ತರಿಸಿದ ಬಟ್ಟೆ ಚೂರುಗಳ ಮೂಟೆಯ ಮೇಲೆ ಕಾಲಿಟ್ಟುಕೊಂಡು ಹುಡುಗಿ ಮಲಗಿದ್ದಳು. ಮೂರು ದಿನದಲ್ಲಿ ಮುಖ ಬಾಡಿ ಇಷ್ಟಾಗಿತ್ತು.

"ನಾನು ಈ ಪುಸ್ತಕದಲ್ಲಿ ಇವತ್ತಿನವರೆಗೂ ಸುಳ್ಳು ಬರೆದಿಲ್ಲ ಕಣೇ. ಪಿ.ಟಿ. ಸರ್ ಬರೆದಿರಬಹುದು, ನಾನು ಬರೆದಿಲ್ಲ. ನಿನ್ನ ಹೆಸರು ಬರೆದು ಮುಂದೆ ಗಂಡು ಅಂತ ಹಾಕೋಕೆ ಕೈ ಬರ್ತಿಲ್ಲ."

"ಅಕ್ಕ, ಮಂಡಿ ಯಾವ ಪುಸ್ತಕದಲ್ಲಿದ್ರೆ ನನಗೇನು? ನೆಟ್ಟಗಾದ್ರೆ ಸಾಕು." ಅವಳು ಅಳುತ್ತಿರಲಿಲ್ಲ, ಅದೇ ಅಕ್ಕನಿಗೆ ತಡೆಯಲಾಗಲಿಲ್ಲ. ಕ್ರಮಸಂಖ್ಯೆ ನಾನೂರ ಹದಿಮೂರು, ಬಲ ಮಂಡಿ, ಗಂಡು ಎಂದು ಬರೆದರು. ಬರೆದು ಮುಗಿಸಿದಾಗ ನಾಚಿಕೆಯೂ ಆಯಿತು, ಎದೆಯ ಮೇಲಿನ ಭಾರವೂ ಇಳಿಯಿತು.

ಆಸ್ಪತ್ರೆಯಲ್ಲಿ ದಾಖಲಾತಿಯ ಗುಮಾಸ್ತ ಕಾಗದ ನೋಡಿದ, ಜಡೆ ನೋಡಿದ, ಮತ್ತೆ ಕಾಗದ ನೋಡಿದ.

"ಗಂಡು ಅಂತಿದೆ. ಗಂಡಸರ ವಾರ್ಡಿಗೆ ಕಳಿಸ್ತೀನಿ."

"ಸುತ್ತೋಲೆ ಪೂರ್ತಿ ಓದ್ರಪ್ಪ," ಎಂದಳು ಟೈಲರಮ್ಮ. "ಮಂಡಿ ಮಾತ್ರ ಗಂಡು. ಮಿಕ್ಕಿದ್ದೆಲ್ಲ ನನ್ನ ಮಗಳು. ನನ್ನ ಮಗಳು ಹೆಂಗಸರ ವಾರ್ಡಲ್ಲೇ ಮಲಗ್ತಾಳೆ."

ಗುಮಾಸ್ತ ನಿಯಮ ಮೀರುವವನಲ್ಲ. ಪೂರ್ತಿ ಓದಿದ, ತಪ್ಪೇನೂ ಕಾಣಲಿಲ್ಲ. ಎರಡು ವಾರ್ಡುಗಳ ನಡುವಿನ ಬಾಗಿಲು ತೆಗೆಸಿ, ಮಂಚವನ್ನು ಹೊಸ್ತಿಲ ಮೇಲೆ ಅಡ್ಡಲಾಗಿ ಹಾಕಿಸಿದ. ತಲೆ, ಎದೆ, ಹೊಟ್ಟೆ ಹೆಂಗಸರ ಕಡೆ, ಬಲಗಾಲು ಗಂಡಸರ ಕಡೆ. ಎಡಗಾಲಿನ ಬಗ್ಗೆ ಪ್ರಶ್ನೆ ಬಂತು. ಅದನ್ನು ಮಡಿಚಿಟ್ಟುಕೊಳ್ಳುವಂತೆ ಸೂಚಿಸಲಾಯಿತು. ಔಷಧಿಯನ್ನು ಈಚೆಯ ನರ್ಸು ಬಾಯಿಗೆ ಕೊಡುತ್ತಿದ್ದಳು, ಬ್ಯಾಂಡೇಜನ್ನು ಆಚೆಯ ನರ್ಸು ಕಟ್ಟುತ್ತಿದ್ದ. ಇಬ್ಬರೂ ತಂತಮ್ಮ ಕಡೆಯಿಂದ ಬೇರೆ ಬೇರೆ ಚಾರ್ಟು ಬರೆದರು. ಹದಿನೇಳನೆಯ ದಿನ ಮೂಳೆ ಡಾಕ್ಟರು ಆಪರೇಷನ್ ಮಾಡಿ ಮೆತ್ತೆಯನ್ನು ಹೊಲಿದರು. ಹೊಲಿಗೆ ಹೇಗಿದೆಯೆಂದು ಟೈಲರಮ್ಮ ವಿವರವಾಗಿ ವಿಚಾರಿಸಿದಳು.

ಸುದ್ದಿ ಹುಡುಗಿಯರ ಹಾಸ್ಟೆಲ್ ಮುಟ್ಟಿದ ಮೇಲೆ ಪ್ರಥಮ ಚಿಕಿತ್ಸೆ ಕೊಠಡಿಯ ಮುಂದೆ ಸಾಲು ನಿಂತಿತು. ಎರಡು ವರ್ಷದಿಂದ ಊದಿಕೊಂಡೇ ಇದ್ದ ಪಾದ, ಎತ್ತಿದರೆ ನೋಯುವ ಭುಜ, ಮುರಿದದ್ದು ತನ್ನಷ್ಟಕ್ಕೆ ವಕ್ರವಾಗಿ ಕೂಡಿಕೊಂಡ ಮುಂಗೈ. ಇಷ್ಟು ದಿನ ಇವನ್ನೆಲ್ಲ ಎಲ್ಲಿಟ್ಟುಕೊಂಡಿದ್ದಿರೇ ಎಂದು ಅಕ್ಕ ಬೈದರು. ಬೈಯುತ್ತಲೇ, ಅವನ್ನೆಲ್ಲ ಇತರೆಯಲ್ಲಿ ಬರೆದು ಕಳಿಸಿದವಳು ತಾನೇ ಎಂಬುದು ನೆನಪಾಗಿ, ಬೈಗುಳ ಅರ್ಧಕ್ಕೇ ಬಿಟ್ಟು ಹುಡುಗರ ಪುಸ್ತಕ ತೆರೆದರು. ಆ ತಿಂಗಳು ಅರವತ್ತೊಂದು ಭಾಗಗಳು ಗಂಡಾದವು. ಒಬ್ಬಳಂತೂ ನಾಲ್ಕು ಅರ್ಜಿ ಕೊಟ್ಟಳು. ಲೆಕ್ಕ ಹಾಕಿ ನೋಡಿದರೆ ಅವಳಲ್ಲಿ ಹೆಣ್ಣಾಗಿ ಉಳಿದದ್ದು ಎಡಗೈ, ಬೆನ್ನು ಮತ್ತು ತಲೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು ಹುಡುಗರ ಪುಸ್ತಕ ತರಿಸಿಕೊಂಡು ನೋಡಿ ಬೆಚ್ಚಿಬಿದ್ದರು. ವರ್ಷಕ್ಕೆ ಮೂವತ್ತು ನಲವತ್ತರಷ್ಟಿದ್ದ ಗಾಯ ಒಂದೇ ತಿಂಗಳಲ್ಲಿ ಅರವತ್ತು ದಾಟಿತ್ತು.

"ಹುಡುಗರಿಗೆ ಏನೋ ಆಗ್ತಿದೆ ಅಕ್ಕ. ಮಂಡಿ, ಪಾದ ಎಲ್ಲ ಲಡ್ಡಾಗ್ತಿವೆ."

"ಅವು ಹುಡುಗೀರವು ಸರ್. ನೀವೇ ಹೇಳಿದ್ದು ಬರೆಯೋಕೆ."

"ನಾನು ಹೇಳಿದ್ದು ಆಡಳಿತದ ವಿಷಯ. ಇದು ಅಂಕಿಅಂಶ," ಎಂದು ಮೇಷ್ಟ್ರು ಎರಡನೆಯ ವರದಿಗೆ ಕೂತರು. ಹುಡುಗರ ಕೀಲುಗಳು ಅಪಾಯಕಾರಿ ವೇಗದಲ್ಲಿ ದುರ್ಬಲವಾಗುತ್ತಿವೆ, ಆದ್ದರಿಂದ ಹುಡುಗಿಯರಲ್ಲಿ ಯಶಸ್ವಿಯಾದ ವ್ಯಾಯಾಮ ವಿಧಾನವನ್ನು ಹುಡುಗರಿಗೂ ವಿಸ್ತರಿಸಬೇಕು ಎಂದು ವರದಿ ಹೇಳಿತು. ಮುಂದಿನ ಸೋಮವಾರದಿಂದ ಹುಡುಗರ ವೇಳೆಯೂ ಬೆಳಿಗ್ಗೆ ಐದೂವರೆಯಿಂದ ಆರೂವರೆಯಾಯಿತು. ಹುಡುಗರು ಕಣ್ಣುಜ್ಜಿಕೊಂಡು ಬಂದು, ಬೀಗ ಹಾಕಿದ ಬಾಗಿಲಿನ ಮೇಲೆ ಸಹಿ ಹಾಕಿ, ಲೈಬ್ರರಿ ಮೆಟ್ಟಿಲಿನಲ್ಲಿ ಜಾಗಕ್ಕಾಗಿ ಹುಡುಗಿಯರ ಜೊತೆ ಜಗಳವಾಡತೊಡಗಿದರು. ಏಳು ಗಂಟೆಗೆ ಅಟೆಂಡರ್ ಬಂದು ಬಾಗಿಲು ತೆಗೆದು, ಗುಂಡುಗಳ ಧೂಳು ಒರೆಸಿ, ಯಾರೂ ಇಲ್ಲವೆಂದು ಮತ್ತೆ ಬೀಗ ಹಾಕುತ್ತಿದ್ದ. ಸಾಮಾನು ಸವೆಯದಂತೆ ಕಾಪಾಡಿದ್ದಕ್ಕೆ ಅವನಿಗೆ ಪ್ರಶಂಸಾಪತ್ರ ಬಂತು.

ಪರಿವೀಕ್ಷಕರು ಬಂದರು. ತಂಡದ ಹಿರಿಯರಾಗಿದ್ದ ಮೇಡಂ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಪ್ರಥಮ ಚಿಕಿತ್ಸೆ ಕೊಠಡಿಗೆ ಬಂದರು. ತೂಕದ ಯಂತ್ರದ ಮೇಲೂ ನಿಂತರು. ಎರಡು ಕಿಲೋ ಕಳೆಯಬೇಕೆಂದು ತಿಳಿದಾಗ ಅವರಿಗೆ ಖುಷಿಯಾಯಿತು. ಆ ಖುಷಿ ಆರುವ ಮೊದಲೇ ಅಕ್ಕ ಧೈರ್ಯ ಮಾಡಿ ಬಾಗಿಲು ಮುಂದೆ ಮಾಡಿದರು. ಬೀಗದ ವಿಷಯ, ಮೆಟ್ಟಿಲಿನ ವಿಷಯ, ಇತರೆ ನೋಟ್‌ಬುಕ್ಕು, ಹೊಸ್ತಿಲ ಮೇಲಿನ ಮಂಚ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಮೇಡಂ ಒಂದು ಮಾತೂ ಬಿಡದೆ ಕೇಳಿಸಿಕೊಂಡರು. ಅವರ ಕಣ್ಣು ತುಂಬಿದಂತೆಯೂ ಕಂಡಿತು.

"ನಾನೂ ಕಾಲೇಜಲ್ಲಿ ಓಡ್ತಿದ್ದೆ," ಎಂದರು ಮೇಡಂ ಮೆಲ್ಲಗೆ. "ಪಾದ ಮುರಿದಾಗ ಬಚ್ಚಲಲ್ಲಿ ಜಾರಿದ್ದು ಅಂತ ಬರೆದ್ರು. ಈಗಲೂ ಚಳೀಲಿ ನೋಯುತ್ತೆ."

"ಹಾಗಾದ್ರೆ ಆ ಮುದ್ರೆ ಒಡೆಸಿ ಮೇಡಂ. ನಿಮ್ಮ ಕೈಲಿ ಆಗುತ್ತೆ."

ಮೇಡಂ ಕಣ್ಣೊರೆಸಿಕೊಂಡರು. "ಮುದ್ರೆ ಬೇಡ. ಆ ಸುತ್ತೋಲೆಯ ಪ್ರತಿ ಇದ್ರೆ ಕೊಡಿ. ಬಾಕಿ ಕಾಲೇಜುಗಳಿಗೂ ಕಳಿಸ್ತೀನಿ. ನಮ್ಮ ಕಾಲಕ್ಕೆ ಇಂಥ ಸೌಲಭ್ಯ ಇರ್ಲಿಲ್ಲ."

ಪ್ರತಿ ಕೊಟ್ಟದ್ದಾಯಿತು, ಫಲಕ ತಗೊಂಡದ್ದಾಯಿತು, ಫೋಟೋ ತೆಗೆದದ್ದಾಯಿತು. ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಆರು ಹುಡುಗಿಯರಲ್ಲಿ ಮೂವರ ಕಾಲಿಗೆ ಬ್ಯಾಂಡೇಜಿತ್ತು. ಯಾರೂ ಆಕ್ಷೇಪಿಸಲಿಲ್ಲ. ಆ ಕಾಲುಗಳು ಗಂಡುಗಳೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಪರೇಷನ್ ಆಗಿ ಆರು ತಿಂಗಳಿಗೆ ಮೂಳೆ ಡಾಕ್ಟರು ಮಿಡತೆಗೆ ಓಡಬಹುದೆಂದು ಬರೆದುಕೊಟ್ಟರು. ಅವಳು ಆ ಚೀಟಿ ಹಿಡಿದು ಕೊಠಡಿಗೆ ಬಂದಾಗ ಬ್ಯಾಂಡೇಜಕ್ಕ ಅದನ್ನು ಸಂತೋಷದಿಂದ ಎರಡು ಸಲ ಓದಿದರು. ಅವಳನ್ನು ಮಂಚದ ಮೇಲೆ ಕೂರಿಸಿ ಮಂಡಿ ಮಡಿಚಿ ಚಾಚಿ, ಮಡಿಚಿ ಚಾಚಿ ನೋಡಿದರು. ಕಾಲು ನೆಟ್ಟಗಿತ್ತು. ಅಕ್ಕ ಮೇಜಿನ ಖಾನೆಯಿಂದ ನಮೂನೆ ಎರಡನ್ನು ತೆಗೆದರು. ಅದನ್ನು ಅವರು ಆರು ತಿಂಗಳ ಹಿಂದೆಯೇ ತುಂಬಿಟ್ಟಿದ್ದರು, ಸಹಿ ಒಂದು ಬಾಕಿ.

"ಇಲ್ಲೊಂದು ಸಹಿ ಹಾಕೇ. ಇವತ್ತಿಗೆ ನಿನ್ನ ಮಂಡಿ ನಿನಗೆ ವಾಪಸ್ಸು. ನನ್ನ ಪಾಪಾನೂ ಕಳೆಯುತ್ತೆ."

ಮಿಡತೆ ಪೆನ್ನು ಹಿಡಿದಳು. ನಮೂನೆಯನ್ನು ಮೇಲಿನಿಂದ ಕೆಳಗೆ ಓದಿದಳು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ಬೇಡಕ್ಕ. ಗಂಡಾಗೇ ಇರ್ಲಿ ಬಿಡಿ."

"ಅಯ್ಯೋ, ಯಾಕೇ?"

"ಹೆಣ್ಣು ಮಾಡಿಸ್ಕೊಂಡು ನಾಳೆ ಮತ್ತೆ ಬಿದ್ರೆ? ಮತ್ತೆ ಸಭೆ ಆಗ್ಬೇಕು, ಅರ್ಜಿ ಬರೀಬೇಕು, ನಮ್ಮಮ್ಮ ಬಂದು ಕುರ್ಚಿ ಹಿಡ್ಕೊಂಡು ಕೂರಬೇಕು. ಇದೊಂದಾದ್ರೂ ಡಾಕ್ಟರು ತಕ್ಷಣ ನೋಡೋ ಮಂಡಿ."

ಅವಳು ತಮಾಷೆ ಮಾಡುತ್ತಿಲ್ಲವೆಂದು ಅಕ್ಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಿಡತೆ ಮಂಚದಿಂದ ಇಳಿದು, ಬೂಟಿನ ದಾರ ಬಿಗಿಯಾಗಿ ಕಟ್ಟಿಕೊಂಡು, ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಅಕ್ಕ, ಹಾಗೇ ಎಡಗಡೇದನ್ನೂ ಈಗ್ಲೇ ಗಂಡು ಅಂತ ಬರ್ಕೊಂಡ್ಬಿಡ್ತೀರಾ? ಮುಂದಿನ ವಾರ ಓಟ ಇದೆ."

ಬ್ಯಾಂಡೇಜಕ್ಕ ಹುಡುಗರ ಪುಸ್ತಕ ತೆರೆದು, ಮುಂದಿನ ಕ್ರಮಸಂಖ್ಯೆ ಹಾಕಿ, ಬರೆದುಕೊಂಡರು.